ಹಗ್ಗದ ಮೇಲಿನ ಪಂಚೆ

ಬೆರಳ ಸಂದಿಯಲ್ಲಿ ಇನ್ನೂ ಕೆಂಪು ಸೀಮೆಸುಣ್ಣ, ಹುಣಸೂರಿನಿಂದ ಬಸ್ಸಿನಲ್ಲಿ ಬರುತ್ತಾ ಒರೆಸಿಕೊಂಡೆ, ಹೋಗಿಲ್ಲ, ಬಿಳಿಯಲ್ಲಿ ನಾಳ ಬರೆದು ಕೆಂಪಿನಲ್ಲಿ ಗಾಯ ತೋರಿಸಿದ್ದೆ, ಗಂಡಸರ ಮೂತ್ರನಾಳಕ್ಕೆ ಬೀಳುವ ಪೆಟ್ಟು — ಸೊಂಟದ ಮೂಳೆ ಮುರಿದರೆ ಹಿಂಭಾಗಕ್ಕೆ, ಕಾಲಗಲಿಸಿ ಯಾವುದರ ಮೇಲಾದರೂ ಬಿದ್ದರೆ ಮುಂಭಾಗಕ್ಕೆ, ಅದರಲ್ಲೂ ಬರೀ ಜಜ್ಜಿದ್ದು, ಅರ್ಧ ಹರಿದದ್ದು, ಪೂರ್ತಿ ಹರಿದದ್ದು — ನರ್ಸಿಂಗ್ ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡರು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಯಾವುದರ ಮೇಲೆ ಮ್ಯಾಮ್ ಅಂದಳು ಭಾಗ್ಯ, ಸೈಕಲ್ಲು, ಬೇಲಿ ಅಂದೆ, ಬ್ಯಾರನ್ನಿನ ಅಡ್ಡಮರ ಅನ್ನಲಿಲ್ಲ, ಹೊಗೆಸೊಪ್ಪು ಬೇಯಿಸುವ ಆ ಕತ್ತಲ ಗೂಡಿನಲ್ಲಿ ಒಂದು ಕಾಲು ಈ ಮರ ಒಂದು ಕಾಲು ಆ ಮರ, ಕೆಳಗಿನಿಂದ ಕೊಟ್ಟ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಪೇರಿಸುತ್ತಾ ನನ್ನ ಗಂಡ ಶಶಿ ನಿಲ್ಲುತ್ತಿದ್ದದ್ದೇ ಹಾಗೆ, ಜಾರಿದಾಗ ಕೆಳಗಿದ್ದವರು ನಕ್ಕರಂತೆ, ಅವನೂ ನಕ್ಕನಂತೆ, ಆ ಸಂಜೆ ತನ್ನ ಪಂಚೆ ತಾನೇ ಒಗೆದು ಹಗ್ಗಕ್ಕೆ ಹಾಕುತ್ತಿದ್ದ, ಏನ್ರೀ ಇದು ಹೊಸದು ಅಂದೆ, ತೊಡೆ ತರ್ಚ್ಕೊಂಡದೆ ಕಣೆ ಅಂದ, ಉಚ್ಚೆ ಬತ್ತಿಲ್ಲ ಅಂದದ್ದು ಅವನ ಅವ್ವನಿಗೆ ಮಾತ್ರ, ಬ್ಯಾರನ್ ಕಾವಿಗೆ ಉಷ್ಣ ಆಗ್ಬುಟ್ಟದೆ ಕಣ್ಲಾ ಅಂತ ಅತ್ತೆ ಎಳನೀರು ಕೆತ್ತಿದರು, ಇನ್ನೊಂದು, ಮತ್ತೊಂದು, ಹೊರಗೆ ದಾರಿಯಿಲ್ಲದ ನೀರು ನಾಳ ಹರಿದ ಕಡೆಯಿಂದ ಮಾಂಸದೊಳಕ್ಕೆ ಇಳಿಯಿತು, ಬಾವು, ಜ್ವರ, ಮೈಸೂರಿಗೆ ಒಯ್ಯುವಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು — ಅವ್ಳಿಗೇಳ್ಬ್ಯಾಡ ಕಣವ್ವ, ನಾಳೆ ಕ್ಲಾಸಲ್ಲಿ ಪಾಠ ಮಾಡ್ಬುಡ್ತಾಳೆ, ಅಂದಿದ್ದನಂತೆ. ಇವತ್ತು ಮಾಡಿದೆ.

ಜಗಲಿಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾರೆ, ಎದುರು ಕೂತಿದ್ದೇನೆ, ಕಾಳು ಬಟ್ಟಲಿಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ, ಉಳೀತಾರಾ ಮ್ಯಾಮ್ ಅಂದಿದ್ದಳು ಭಾಗ್ಯ, ಬೇಗ ಬಂದರೆ, ಕೆಳಹೊಟ್ಟೆಯಿಂದ ಒಂದು ನಳಿಕೆ ಇಟ್ಟು ಮೂತ್ರ ಹೊರಗೆ ಬಿಟ್ಟರೆ, ಮಾಮೂಲಾಗಿ ಉಳೀತಾರೆ ಅಂದೆ, ಮಾಮೂಲಾಗಿ — ಮಗಾ, ನೀ ಓದಿರೋಳು, ನಿಜ ಏಳು, ನಾ ಕೊಟ್ಟ ಎಳನೀರಿಂದ್ಲೇನವ್ವಾ ಅವ ಓಗಿದ್ದು, ಅತ್ತೆ ತಲೆಯೆತ್ತದೆ ಕೇಳುತ್ತಾರೆ, ಕೈ ನಿಂತಿದೆ, ಅರ್ಧ ಹರಿದದ್ದು ಅಂತ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದರು, ಒಂದು ದಿನ ಮೊದಲು ತಂದಿದ್ದರೆ ಅಂದಿದ್ದರು — ಇಲ್ಲ ಅತ್ತೆ, ಪೂರ್ತಿ ಹರಿದಿತ್ತು, ಯಾರ ಕೈಲೂ ಆಗ್ತಿರಲಿಲ್ಲ. ಅತ್ತೆ ದೊಡ್ಡದಾಗಿ ಉಸಿರು ಬಿಟ್ಟು ಇನ್ನೊಂದು ಕಾಯಿ ಬಿಡಿಸಿದರು, ಬೀಳುವ ಕಾಳು, ಬೀಳುವ ಕಾಳು, ಇನ್ನು ಈ ಅರ್ಧ ನನ್ನೊಬ್ಬಳದೇ, ಯಾರ ಜೊತೆ ಹಂಚಿಕೊಳ್ಳಲಿ, ಅಂಗಳದ ಹಗ್ಗ ಖಾಲಿ ಇದೆ, ಖಾಲಿ ಇಲ್ಲ, ಹಿಂಡಲು ಬಾರದವನು ಹಿಂಡಿದ ಪಂಚೆ, ನಡುವೆ ರಕ್ತದ ಕಲೆ ಉಜ್ಜಿ ಉಜ್ಜಿ ತೆಳುವಾದ ಒಂದು ಅಂಗೈಯಗಲ, ತೊಟ್ಟಿಕ್ಕುತ್ತಾ, ಆ ಸಂಜೆ ನಾನು ಅದರ ಕೆಳಗೇ ಬಗ್ಗಿ ದಾಟಿ ಹೋದ ಪಂಚೆ