ವಾರ್ಡನ್ನರ ಮೆಣಸಿನಕಾಯಿ

"ಅಲ್ಲೇ ನಿಂತ್ಕೊಳಮ್ಮ, ಹತ್ರ ಬರ್ಬೇಡ. ಹೊಗೆ ನಾತ ಹೊಡೀತಿದೀಯ," ಎಂದು ವಿಚಾರಣಾ ಕಮಿಟಿಯ ಅಧ್ಯಕ್ಷೆ ಡಾಕ್ಟರ್ ದೊಬ್ರಿಲಾ ಮೂಗಿಗೆ ಕರವಸ್ತ್ರ ಹಿಡಿದರು.

ಜುಮ್ರೆತಾ ಬಾಗಿಲ ಬಳಿಯೇ ನಿಂತಳು. ನಿನ್ನೆಯೆಲ್ಲ ಕಾಲೇಜು ಹಾಸ್ಟೆಲಿನ ಹಿತ್ತಲಲ್ಲಿ, ಕಾದ ತಗಡಿನ ಮೇಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟವಳ ಮೈ ಮತ್ತೇನು ನಾರಬೇಕು, ಅತ್ತರೇ?

ಸೆಪ್ಟೆಂಬರ್ ಬಂತೆಂದರೆ ದಕ್ಷಿಣ ಸರ್ಬಿಯಾದ ಮನೆಮನೆಯಲ್ಲೂ ಅಯ್ವಾರ್ ಮಾಡುತ್ತಾರೆ. ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ, ಎಣ್ಣೆಯಲ್ಲಿ ಬೇಯಿಸಿ ಚಳಿಗಾಲಕ್ಕೆಂದು ಸೀಸೆ ತುಂಬುತ್ತಾರೆ. ವಾರ್ಡನ್ ರಾದಿವೋಯೆಯ ಮನೆಯ ಅಯ್ವಾರ್ ಮಾತ್ರ ಹಾಸ್ಟೆಲಿನ ಹಿತ್ತಲಲ್ಲಿ, ಜುಮ್ರೆತಾಳೂ ಸೇರಿ ಕಸ ಗುಡಿಸುವ ನಾಲ್ವರು ಹೆಂಗಸರ ಕೈಯಲ್ಲಿ, ಡ್ಯೂಟಿಯ ಹೊತ್ತಿನಲ್ಲೇ ಆಗಬೇಕು. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿತ್ತು. ಈ ಸಲ ಯಾವನೋ ವಿದ್ಯಾರ್ಥಿ ಹೊಗೆಯ ಫೋಟೊ ತೆಗೆದು ಫೋನಿನಲ್ಲಿ ಹರಿಬಿಟ್ಟ. ಇದೇನೆಂದು ಮೇಲಿನವರು ಕೇಳಿದರು. ಕೇಳಿದ್ದೇ ತಡ, ವಾರ್ಡನ್ನನ ಮೆಣಸಿನಕಾಯಿ ಮೂಟೆಗಳು ಜುಮ್ರೆತಾಳವಾಗಿಬಿಟ್ಟವು.

"ಡ್ಯೂಟಿ ಹೊತ್ತಲ್ಲಿ ಸ್ವಂತ ವ್ಯಾಪಾರ. ಹಾಸ್ಟೆಲ್ ಸೌದೆ ದುರುಪಯೋಗ," ಎಂದು ವಾರ್ಡನ್ ಓದಿದ. ಮೂಲೆಯಲ್ಲಿ ಕೂತ ಗುಮಾಸ್ತ ಅದನ್ನೆಲ್ಲ ಬರೆದುಕೊಂಡ. "ಇವಳ ಕೇರಿಯೋರು ಸಂತೇಲಿ ಮಾರೋದೇ ಇದನ್ನ ಮೇಡಂ. ಜಿಪ್ಸಿ ಬುದ್ಧಿ, ಎಲ್ಲಿ ಹೋಗುತ್ತೆ?"

"ನಿಮ್ ಮೂಟೆ ಸಾ ಅವು. ನಿಮ್ ಕಾರಿಂದ ನಾನೇ ಇಳಿಸಿದ್ದು."

"ಸಾಕ್ಷಿ ಯಾರು?"

ಜೊತೆಯ ಕೆಲಸದ ಸ್ಟಾಮೆನಾಳನ್ನು ಒಳಗೆ ಕರೆಸಿದರು. ಅವಳ ಉಗುರು ಸಂದಿಯಲ್ಲಿ ಸುಟ್ಟ ಸಿಪ್ಪೆ ಇನ್ನೂ ಕಪ್ಪಗೆ ಕೂತಿತ್ತು.

"ಮೂಟೆ ಯಾರದಮ್ಮ?"

"ಜುಮ್ರೆತಾದು."

"ನನ್ ಮಕ ನೋಡ್ಕಂಡ್ ಹೇಳಕ್ಕ," ಎಂದಳು ಜುಮ್ರೆತಾ.

ಸ್ಟಾಮೆನಾ ನೋಡಲಿಲ್ಲ. ಅವಳ ಗಂಡನಿಗೆ ಹೋದ ತಿಂಗಳು ಹಾಸ್ಟೆಲಿನ ಬಾಯ್ಲರ್ ನೋಡಿಕೊಳ್ಳುವ ಕೆಲಸ ಕೊಡಿಸಿದ್ದು ವಾರ್ಡನ್ನೇ.

"ತಪ್ಪಾಯ್ತು ಅಂತ ಬರೆದು ಸೈನ್ ಹಾಕು. ಕೆಲಸ ಉಳಿಯುತ್ತೆ," ಎಂದರು ದೊಬ್ರಿಲಾ. "ಇಲ್ಲ ಅಂದ್ರೆ ವಜಾ. ಅರ್ಧ ಗಂಟೆ ಯೋಚನೆ ಮಾಡಿ ಬಾ."

ಯೋಚಿಸುವುದೇನಿತ್ತು? ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು. ಊರವರು ಜಿಪ್ಸಿಗಳೆಂದು ಹಳಿಯುವ ರೋಮಾ ಜನರ ಇಡೀ ಕೇರಿಯಲ್ಲಿ ಖಾಯಂ ಕೆಲಸದ ಕಾಗದ ಇದ್ದದ್ದು ಅವಳೊಬ್ಬಳಿಗೆ. ಹಲ್ಲು ಕಚ್ಚಿ ಸೈನ್ ಹಾಕುವುದೆಂದೇ ಅವಳು ಪಡಸಾಲೆಗೆ ಬಂದಳು. ಹಿಂದೆಯೇ ವಾರ್ಡನ್ ಬಂದ.

"ಸೈನ್ ಹಾಕಿ ಸೀದಾ ಬಾಯ್ಲರ್ ರೂಮಿಗೆ ಹೋಗು. ಸುಟ್ಟಿದ್ದೆಲ್ಲ ಬಕೆಟ್‌ನಲ್ಲಿ ಹಂಗೇ ಇದೆ. ಸಾಯಂಕಾಲದೊಳಗೆ ಸುಲೀದೇ ಹೋದ್ರೆ ಹುಳಿ ಬರುತ್ತೆ."

ಜುಮ್ರೆತಾ ಅವನ ಮುಖವನ್ನೇ ನೋಡಿದಳು. "ಇವತ್ತೂನಾ ಸಾ?"

"ಮತ್ತೆ? ನಿನ್ ವಿಚಾರಣೆ ಮುಗೀಲಿ ಅಂತ ಮೆಣಸಿನಕಾಯಿ ಕಾಯುತ್ತೇನೇ? ಮೇಡಂ ಮನೆಗೂ ಆರು ಸೀಸೆ ಕಳಿಸ್ಬೇಕು. ನಡಿ ನಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಇವರ ಕಕ್ಕಸು ತೊಳೆದಾಗಲೂ ಇಷ್ಟು ಅಸಹ್ಯವಾಗಿರಲಿಲ್ಲ. ಬಾಯ್ಲರ್ ರೂಮಿಗಿಳಿದು, ಎರಡೂ ಕೈಗೆ ಒಂದೊಂದು ಬಕೆಟ್ ಹಿಡಿದು, ಮೂರು ಮಹಡಿ ಹತ್ತಿದಳು. ಕಮಿಟಿಯ ಬಾಗಿಲನ್ನು ಕಾಲಲ್ಲೇ ದೂಡಿದಳು.

"ಬಂದ್ಯಾ? ಎಲ್ಲಿ, ಸೈನ್ ಹಾಕು," ಎಂದು ದೊಬ್ರಿಲಾ ತಲೆಯೆತ್ತುವಷ್ಟರಲ್ಲಿ ಜುಮ್ರೆತಾ ಒಂದು ಬಕೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕರಿ ಸಿಪ್ಪೆಯ ಮೆಣಸಿನಕಾಯಿ ಲೊಳಲೊಳನೆ ಜಾರಿ ಫೈಲುಗಳ ಮೇಲೆಲ್ಲ ಹರಡಿತು. ಕೆಂಪು ನೀರು ಹರಿದು ದೊಬ್ರಿಲಾರ ಮಡಿಲಿಗೆ ತೊಟ್ಟಿಕ್ಕಿತು.

"ನಂದು ಅಂದ್ರಲ್ಲ, ನಂದೇ. ನಾನೇ ಕೊಡ್ತಿವ್ನಿ, ತಗಳಿ. ಚಾಕು ಬ್ಯಾಡ, ಉಗುರಲ್ಲೇ ಬತ್ತದೆ. ಕುಂತ್ಕಂಡು ಸುಲೀರಿ, ಡ್ಯೂಟಿ ಹೊತ್ತಲ್ಲೇ."

ವಾರ್ಡನ್ ಕುರ್ಚಿ ಕೆಡವಿಕೊಂಡು ಎದ್ದ. "ಲೇ ಮುಂಡೆ, ತಲೆ ಕೆಟ್ಟಿದ್ಯಾ? ನನ್ ಮೆಣಸಿನಕಾಯಿ ಕಣೇ ಅದು. ಲೆಸ್ಕೋವಾಟ್ಸ್ ಸಂತೆಯಿಂದ ಆರಿಸಿ ತಂದಿದ್ದು."

ವಾರ್ಡನ್ ತೆರೆದ ಬಾಯಿ ಮುಚ್ಚಿಕೊಂಡ. ಮೂಲೆಯಲ್ಲಿ ಗುಮಾಸ್ತನ ಪೆನ್ನು ಓಡುತ್ತಲೇ ಇತ್ತು.

ದೊಬ್ರಿಲಾ ಮಡಿಲ ಮೇಲಿನ ಸಿಪ್ಪೆಯನ್ನು ಎರಡು ಬೆರಳಲ್ಲಿ ತೆಗೆದು ಕೆಳಗೆ ಹಾಕಿದರು.

"ಅದನ್ನ ಬರ್ಕೋಬೇಡಿ," ಎಂದು ಗುಮಾಸ್ತನಿಗೆ ಹೇಳಿದರು.

ಜುಮ್ರೆತಾ ಎರಡನೆಯ ಬಕೆಟ್ ಎತ್ತಿದಳು.