ವಾಚನಾಲಯದ ಮಡಿ ಕಂಪ್ಯೂಟರು

ಅರಳಸುರಳಿಯಾಚೆಯ ಆ ಕಾಡಂಚಿನ ಊರಿಗೆ ಮೊಬೈಲ್ ಸಿಗ್ನಲ್ ಹತ್ತುತ್ತಿರಲಿಲ್ಲ. ಆಸ್ಪತ್ರೆಯ ವರದಿಗಳು ಬರುತ್ತಿದ್ದುದು ವಾಚನಾಲಯದ ಒಂದೇ ಕಂಪ್ಯೂಟರಿಗೆ. ಬೀಗದ ಕೈ ವಾಚನಾಲಯ ನೋಡಿಕೊಳ್ಳುತ್ತಿದ್ದ ಮುದುಕ ಧರ್ಮಪ್ಪನ ಸೊಂಟದಲ್ಲಿ. ಕಂಪ್ಯೂಟರು ಕೆಟ್ಟಿತೆಂದು ಮೇಷ್ಟ್ರು ನಿರಂಜನ ಹಳೆಯದನ್ನೆಲ್ಲ ಅಳಿಸಿ, ಒಳಗಿನದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಬಿಟ್ಟಿ ಸಾಫ್ಟ್‌ವೇರ್ ಹಾಕಲು ಕೂತಿದ್ದ. ನಡುವೆ ಪರದೆಯ ಮೇಲೊಂದು ಪ್ರಶ್ನೆ ಬಂತು.

"ವೈಫೈ ಚಿಪ್ಪಿಗೆ ಕಂಪನಿಯವರ ಒಂದು ತುಂಡು ಸಾಫ್ಟ್‌ವೇರ್ ಸೇರಿಸ್ಲಾ ಅಂತ ಕೇಳ್ತಿದೆ ಧರ್ಮಣ್ಣ. ಅದರೊಳಗೆ ಎಂತ ಇದೆ ಅಂತ ಅವರು ತೋರ್ಸಲ್ಲ. ಸೇರಿಸ್ದಿದ್ರೆ ವೈಫೈ ಹತ್ತಲ್ಲ, ವರದಿನೂ ಬರಲ್ಲ. ಆ ಹಂಗಿಲ್ಲದ ಚಿಪ್ಪು ಸಾಗರದ ಗೆಳೆಯನ ಹತ್ರ ಇದೆ, ತರ್ತೀನಿ. ಎಂತ ಮಾಡಣ?"

ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಧರ್ಮಪ್ಪನ ಹೆಂಡತಿ ರಂಗಮ್ಮ ನಕ್ಕಳು. ಕೊಟ್ಟಿಗೆಗೆ ಹಾಸಲು ಒಣಗಿದ ದರಗೆಲೆ ಗುಡಿಸಲು ಕಾಡಿಗೆ ಹೋಗಿ ಜ್ವರ ಹತ್ತಿಸಿಕೊಂಡು, ತೀರ್ಥಹಳ್ಳಿಯಲ್ಲಿ ರಕ್ತ ಕೊಟ್ಟು ಬಂದಿದ್ದಳು. ಮಂಗನ ಕಾಯಿಲೆಯೋ ಅಲ್ಲವೋ, ವರದಿ ಇನ್ನೂ ಬರಬೇಕಿತ್ತು.

"ಮಿಷನ್ನಿಗೂ ಮಡಿ ಉಡಿಸ್ತೀಯನಾ ಮಾರಾಯ? ಮೈಲಿಗೆ ಆದ್ರೆ ಆಗ್ಲಿ, ಹಾಕು."

ಧರ್ಮಪ್ಪನಿಗೆ ಹಳೆಯದೊಂದು ನೆನಪಾಯಿತು. ಡಬ್ಬದಲ್ಲೇನಿದೆ ಎಂದು ಹೇಳದೆ ಕಂಪನಿಯವನೊಬ್ಬ ಕೊಟ್ಟ ಔಷಧಿ ಹೊಡೆದು ಅವನ ಮೆಣಸಿನ ಬಳ್ಳಿಯೆಲ್ಲ ಕರಟಿಹೋಗಿತ್ತು.

"ಬ್ಯಾಡ. ಕಾಣ್ದಿದ್ದು ಒಳಗೆ ಬ್ಯಾಡ. ಇವಳ ಜ್ವರ ಹೆಂಗೂ ಬಿಟ್ಟಿದೆ. ನಿಧಾನಕ್ಕೆ ತಗಂಡ್ ಬಾ."

ನಿರಂಜನ 'ಬೇಡ' ಒತ್ತಿದ.

ಸಾಗರದ ಗೆಳೆಯ ಹೊಸನಗರಕ್ಕೆ ಮದುವೆಗೆ ಹೋಗಿದ್ದ. ನಿರಂಜನ ಸಾಗರದಲ್ಲೇ ಅವನಿಗಾಗಿ ಕಾದ. ಇತ್ತ ರಂಗಮ್ಮ ಗಂಜಿ ಉಂಡಳು, ಕೊಟ್ಟಿಗೆಗೂ ಹೋಗಿಬಂದಳು. ಆಮೇಲೆ ಜ್ವರ ಮರಳಿತು. ಕೈ ನಡುಗಿತು, ಗಂಡನ ಗುರುತೂ ತಪ್ಪಿತು. ಜೀಪು ತೀರ್ಥಹಳ್ಳಿ ಮುಟ್ಟುವ ಮೊದಲೇ ಧರ್ಮಪ್ಪನ ತೊಡೆಯ ಮೇಲೆ ಅವಳ ಉಸಿರು ನಿಂತಿತು.

ಚಿಪ್ಪು ಸಿಗದೆ ನಿರಂಜನ ಬರಿಗೈಲಿ ಬಂದಾಗ ಬೂದಿಯನ್ನು ಹೊಳೆಗೆ ಬಿಟ್ಟಾಗಿತ್ತು. ಧರ್ಮಪ್ಪ ವಾಚನಾಲಯದ ಬೀಗ ತೆಗೆದ.

"ಆ ತುಂಡು ಹಾಕು."

"ಧರ್ಮಣ್ಣ, ನಾನು ಅವತ್ತು..."

"ನೀ ಕೇಳಿದ್ದೆ, ಬ್ಯಾಡ ಅಂದವ ನಾನು. ಪಕ್ಕದ ಮನೆ ಕನ್ನಪ್ಪನ ಸೊಸೆಗೂ ಜ್ವರ, ನಿನ್ನೆ ರಕ್ತ ಕೊಟ್ಟು ಬಂದಿದಾಳೆ. ಹಾಕು."

ಈ ಸಲ ನಿರಂಜನ 'ಹೌದು' ಒತ್ತಿದ. ಧರ್ಮಪ್ಪನ ಬಾಯೊಳಗಿನ ಎಲೆಯಡಿಕೆ ಮುಗಿಯುವಷ್ಟರಲ್ಲಿ ವೈಫೈ ಹತ್ತಿತು. ಮೊದಲು ಬಂದದ್ದು ರಂಗಮ್ಮನ ವರದಿ. ನಿರಂಜನ ತಡವರಿಸುತ್ತ ಓದಿದ: "ಮಂಗನ ಕಾಯಿಲೆ ಖಚಿತ. ಜ್ವರ ಬಿಟ್ಟರೂ ಮರಳಬಹುದು. ಕೂಡಲೇ ಕರೆತನ್ನಿ." ನಿರಂಜನ ಸಾಗರಕ್ಕೆ ಹೊರಟ ಮರುದಿನವೇ ಆಸ್ಪತ್ರೆಯವರು ಕಳಿಸಿದ್ದು.

ಧರ್ಮಪ್ಪ ಪರದೆಯ ಕಡೆ ನೋಡಲಿಲ್ಲ.

"ಸೊಸೆದು ಬಂತಾ?"

"ಇನ್ನೂ ಇಲ್ಲ."

ಅವನು ಜಗಲಿಗೆ ಹೋಗಿ, ರಂಗಮ್ಮ ಕೂತಿದ್ದ ಜಾಗದ ಪಕ್ಕದಲ್ಲಿ ಕೂತ.

"ಹಂಗಾರೆ ಕಾಯಣ. ಬೀಗ ಹಾಕದು ಬ್ಯಾಡ."