ಕರಿಹಲಗೆಯ ಮನೆ

"ಈ ಕಾಗದ ತಾ ಅಂತ ನಿಂಗೆ ಯಾರು ಹೇಳಿದ್ರು?" ವರ್ಡೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಒರ್ಲೀನ್‌ಳ ಮುಖದ ನಗು ಇನ್ನೂ ಆರಿರಲಿಲ್ಲ. "ಯಾರೂ ಹೇಳ್ಲಿಲ್ಲ, ನಾನೇ ತಂದೆ. ಐವತ್ತೊಂದನೇ ವಯಸ್ಸಿಗೆ ನರ್ಸಿಂಗ್ ಕಾಲೇಜಲ್ಲಿ ಸೀಟು ಸಿಕ್ಕಿ, ಆಗಸ್ಟ್‌ನಿಂದ ಓದ್ತಿದ್ದೀನಿ. ನಿನ್ನ ಫೈಲಲ್ಲೂ ಇರ್ಲಿ ಅಂತ."

"ಇದೆಯಲ್ಲ, ಚೆನ್ನಾಗೇ ಇದೆ. 'ಪೂರ್ಣಾವಧಿ ವಿದ್ಯಾರ್ಥಿನಿ.' ಮೊಹರು ಬೇರೆ."

ಓಹಾಯೊ ನದಿ ದಂಡೆಯ ಆ ಊರಿನ ಹಳೇ ಶಾಲೆಯನ್ನು ಬಡವರಿಗಾಗಿ ಅಗ್ಗದ ಬಾಡಿಗೆಯ ನಲವತ್ತು ಮನೆ ಮಾಡಿ ಹನ್ನೊಂದು ವರ್ಷವಾಗಿತ್ತು. ದೂರದ ಯಾವುದೋ ಬ್ಯಾಂಕು ಹಣ ಹಾಕಿತ್ತು. ಬದಲಿಗೆ ಸರ್ಕಾರ ಅದರ ತೆರಿಗೆಯಲ್ಲಿ ಅಷ್ಟು ಬಿಟ್ಟುಕೊಟ್ಟಿತ್ತು. ಹಳೆಯದನ್ನು ಹಳೆಯದಾಗಿಯೇ ಉಳಿಸಿದ್ದಕ್ಕೆ ಇನ್ನಷ್ಟು ರಿಯಾಯಿತಿ. ಹಾಗಾಗಿ ಕರಿಹಲಗೆಗಳನ್ನು ಗೋಡೆಯಿಂದ ಕೀಳುವಂತಿಲ್ಲ. ಒಳಗಿದ್ದವರು ಮಾತ್ರ ಪ್ರತಿ ಅಕ್ಟೋಬರ್‌ನಲ್ಲಿ ಬಂದು ತಮ್ಮ ಬಡತನವನ್ನು ಹೊಸದಾಗಿ ರುಜುವಾತು ಮಾಡಬೇಕು. ಆ ಬ್ಯಾಂಕನ್ನು ಯಾರೂ ಹಾಗೆ ಕರೆದು ಕೂರಿಸಿ ಕೇಳಿದ್ದಿಲ್ಲ.

ಕಟ್ಟಡದ ಮ್ಯಾನೇಜರ್ ವರ್ಡೆಲ್ ಫಾರಂ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳೇ?'

"ಎಲ್ಲರೂ ಅಂದ್ರೆ?"

"ಎಲ್ಲರೂ ಅಂದ್ರೆ ಈಗ ನೀನೊಬ್ಬಳೇ ಅಲ್ವೇನೇ."

ಹೋದ ವರ್ಷ ಒರ್ಲೀನ್‌ಳ ಜೊತೆ ತಾಯಿ ಹೆಸ್ಟರ್ ಇದ್ದಳು. ಈ ಜುಲೈನಲ್ಲಿ ತೀರಿಕೊಂಡಳು. ಫಾರಂನಲ್ಲಿ ಮೊದಲೇ ಅಚ್ಚಾಗಿ ಬಂದ ಅವಳ ಹೆಸರಿನ ಮೇಲೆ ಬೆಳಿಗ್ಗೆ ಒರ್ಲೀನ್ ತಾನೇ ಗೆರೆ ಎಳೆದಿದ್ದಳು.

"ಬರೀ ವಿದ್ಯಾರ್ಥಿಗಳಿರೋ ಮನೆ ಇಲ್ಲಿ ಇರೋ ಹಾಗಿಲ್ಲ. ವರ್ಷದಲ್ಲಿ ಐದು ತಿಂಗಳು ಓದಿದ್ರೆ ಮುಗೀತು, ಖಾಲಿ ಮಾಡ್ಬೇಕು. ನಿಂದು ಈಗ ಮೂರನೇ ತಿಂಗಳು."

"ಯಾಕಂತೆ?"

"ಉಳ್ಳವರ ಮಕ್ಕಳು ಕಾಲೇಜಿಗೆ ಬಂದು ಅಗ್ಗದ ಮನೆ ಹೊಡ್ಕೋಬಾರದು ಅಂತ."

"ಹೌದಲ್ಲ! ನಮ್ಮಪ್ಪಂಗೂ ಕಲ್ಲಿದ್ದಲು ಗಣಿ ಇತ್ತು. ಅವನು ಅದರ ಒಳಗಿದ್ದ, ಅಷ್ಟೇ."

ವರ್ಡೆಲ್ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಒಂದೊಂದೇ ವಿಷಯ ತಗೊಂಡು ನಿಧಾನಕ್ಕೆ ಓದೋಕಾಗಲ್ವಾ?"

"ಕೇಳಿದ್ದೆ. ಬಂದ್ರೆ ಪೂರ್ತಿ ಬಾ, ಇಲ್ಲಾಂದ್ರೆ ಸೀಟು ಬಿಡು ಅಂದ್ರು."

ವರ್ಡೆಲ್ ಎದ್ದು ಬಾಗಿಲು ಮುಚ್ಚಿದಳು. ಕಪಾಟಿನಿಂದ ಇನ್ನೊಂದು ಫಾರಂ ತೆಗೆದು ಮುಂದಿಟ್ಟು, ಒರ್ಲೀನ್‌ಳ ಕೈಗೆ ಪೆನ್ನು ಕೊಟ್ಟಳು. ಅದರಲ್ಲೂ ಹೆಸ್ಟರ್‌ಳ ಹೆಸರು ಅಚ್ಚಾಗಿತ್ತು, ಗೆರೆ ಇರಲಿಲ್ಲ.

"ಆ ಕಾಲೇಜಿನ ಕಾಗದ, ನೀನೆಳೆದ ಗೆರೆ, ಎರಡೂ ನಾನು ನೋಡಿಲ್ಲ. ಮನೇಲಿ ಇಬ್ಬರು ಅಂತಿದ್ರೆ ಸಾಕು," ಅಂದಳು, ಕಿಟಕಿಯ ಕಡೆ ತಿರುಗಿ.

ಹೆಸ್ಟರ್‌ಳನ್ನು ಮಣ್ಣು ಮಾಡಿದ ದಿನ ದೊಡ್ಡ ಪಾತ್ರೆಯ ತುಂಬ ಮ್ಯಾಕರೋನಿ ಹೊತ್ತು ತಂದವಳು ಇದೇ ವರ್ಡೆಲ್. ನೆಲಮಹಡಿಯ ಕೋಣೆ ಅವಳ ಮನೆ. ಕೆಲಸ ಇರುವಷ್ಟು ದಿನ ಮಾತ್ರ.

"ಸಿಕ್ಕಿಬಿದ್ರೆ ನಿಂಗೂ ಮನೆ ಇರಲ್ಲ."

"ಅದು ನನ್ನ ತಲೆನೋವು."

ಒರ್ಲೀನ್ ಅಚ್ಚಾದ ಹೆಸರನ್ನೇ ನೋಡಿದಳು. ನಲವತ್ತು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದ ಹೆಸರು. "ಸತ್ತ ಮೇಲೂ ಅವಳನ್ನ ದುಡಿಸ್ಲಾ? ಬೇಡ ಕಣೇ."

ಈ ಮನೆಗೆ ಅವರು ಮೂರು ವರ್ಷ ಕಾದಿದ್ದರು. ಅದರಲ್ಲಿ ಒಂದು ಚಳಿಗಾಲವನ್ನು ತಾಯಿ ಮಗಳು ಕಾರಿನಲ್ಲಿ ಕಳೆದಿದ್ದರು. ತಾಯಿಯ ಕೆಮ್ಮು ಶುರುವಾದದ್ದು ಆಗಲೇ.

"ಕಾಲೇಜು ಬಿಟ್ಟ ಕಾಗದ ಶುಕ್ರವಾರ ತರ್ತೀನಿ. ಆಮೇಲೆ ಸಹಿ ಹಾಕಿಸ್ಕೋ." ಒರ್ಲೀನ್ ಪೆನ್ನನ್ನು ವಾಪಸ್ ಚಾಚಿದಳು. ವರ್ಡೆಲ್ ತೆಗೆದುಕೊಳ್ಳಲಿಲ್ಲ. ಒರ್ಲೀನ್ ಅದನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದಳು.

ಅವಳ ಮನೆ ಮೊದಲು ನಾಲ್ಕನೇ ತರಗತಿಯ ಕೋಣೆಯಾಗಿತ್ತು. ಒಲೆ, ಮಂಚ, ಮತ್ತೆ ಒಂದು ಗೋಡೆಯ ಉದ್ದಕ್ಕೂ ಕರಿಹಲಗೆ. ಅದರ ತುಂಬ ಅವಳದೇ ಅಕ್ಷರದಲ್ಲಿ ಮೂಳೆಗಳ ಹೆಸರು, ತಲೆಬುರುಡೆಯಿಂದ ಮೊಣಕಾಲಿನವರೆಗೆ. ಅಲ್ಲಿಗೆ ಪಾಠ ನಿಂತಿತ್ತು.

ಬಟ್ಟೆ ಒದ್ದೆ ಮಾಡಿಕೊಂಡು ಮೇಲಿನಿಂದ ಒರೆಸತೊಡಗಿದಳು. ಬುರುಡೆ, ಭುಜ, ಪಕ್ಕೆಲುಬುಗಳು. ಸೀಮೆಸುಣ್ಣದ ನೀರು ಮೊಣಕೈಗೆ ಇಳಿಯಿತು. ಬಲಮೂಲೆಯ ಕೆಳಗೆ ಕೈ ನಿಂತಿತು. ಅಲ್ಲಿ ತಾಯಿಯ ನಡುಗುವ ಅಕ್ಷರದ ಒಂದು ಸಾಲು: 'ಎಂಟಕ್ಕೆ ಬಿಳಿ ಮಾತ್ರೆ. ನರ್ಸಮ್ಮನ ಅಪ್ಪಣೆ.'

ಅದರ ಸುತ್ತ ಮಾತ್ರ ಒರೆಸಿದಳು. ಬಟ್ಟೆ ಹಿಂಡಿ ಮಂಚದ ಮೇಲೆ ಕುಳಿತಳು. ಒದ್ದೆ ಹಲಗೆ ಅಂಚಿನಿಂದ ಮೆಲ್ಲಗೆ ಒಣಗುತ್ತ ಬಂತು.